ದೊಡ್ಡ ಕೂಲರ್

ಸೀರೆಗೆ, ಒಡವೆಗೆ ಹೊಟ್ಟೆ ಉರಿದುಕೊಳ್ಳುವ ನೆಗೆಣ್ಣಿಯರನ್ನು ಎಲ್ಲರೂ ನೋಡಿದ್ದಾರೆ. ನಾನು ಪ್ರೊಸೆಸರಿಗೆ ಉರಿದುಕೊಂಡವಳು, ಅದೂ ಚೆನ್ನಾಗಿಯೇ.

ಆಳಂದದಲ್ಲಿ ನಮ್ಮ ಮನೆಯ ಮುಂದಿನ ಕೋಣೆಗಳೇ ಫೋಟೊ ಸ್ಟುಡಿಯೊ. ಗಂಡ, ಮೈದುನ ಮದುವೆಗಳಿಗೆ ಹೋಗಿ ಶೂಟಿಂಗ್ ಮಾಡಿ ತರುತ್ತಾರೆ. ನಾನೂ ಮೈದುನನ ಹೆಂಡತಿಯೂ ಕೂತು ಎಡಿಟಿಂಗ್ ಮಾಡುತ್ತೇವೆ. ಅವಳು ಅಫಜಲಪುರದವಳು, ನನಗಿಂತ ಚಿಕ್ಕವಳು. ಇಬ್ಬರ ಕಂಪ್ಯೂಟರನ್ನೂ ಕಲಬುರಗಿಯ ಒಂದೇ ಅಂಗಡಿಯಿಂದ ಒಂದೇ ಟೆಂಪೊದಲ್ಲಿ ತಂದದ್ದು. ಆದರೂ ಮದುವೆಯ ವಿಡಿಯೊ ತುಣುಕುಗಳನ್ನು ಜೋಡಿಸಿ ಒಂದೇ ಫೈಲ್ ಆಗಲು ಬಿಟ್ಟರೆ, ನನ್ನದು ಇನ್ನೂ ತೆವಳುತ್ತಿರುವಾಗಲೇ ಅವಳದು ಮುಗಿದು, ಅವಳು ಚಹಾ ಕುಡಿದು ಕಪ್ಪು ತೊಳೆಯುತ್ತಿದ್ದಳು. ಆ ಕಪ್ಪಿನ ಸಪ್ಪಳಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವಳ ಡಬ್ಬಿಯೊಳಗೆ ಒಳ್ಳೆಯ ಮಾಲು ಹಾಕಿಸಿದ್ದೀರಿ ಎಂದು ಗಂಡನ ಜೊತೆ ಜಗಳ ತೆಗೆದೆ.

“ಹಂಗೇನಿಲ್ಲ. ಅಕಿ ಪ್ರೊಸೆಸರಿನ ಸ್ಪೀಡ್ ಏರಿಸ್ಯಾಳ. ಓವರ್‌ಕ್ಲಾಕ್ ಅಂತಾರ ಅದಕ್ಕ,” ಅಂದರು.

ಅವರಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ!

ಆ ವರ್ಷ ಬೇಸಿಗೆಯಲ್ಲೂ ಕೆಲಸ ಕಡಿಮೆಯಾಗಿತ್ತು, ಎಡಿಟಿಂಗಿಗೆ ಒಬ್ಬರೇ ಸಾಕಿತ್ತು. ನನ್ನ ಕೈಯಲ್ಲಿ ಜೇವರ್ಗಿಯ ಮದುವೆ, ಅವಳ ಕೈಯಲ್ಲಿ ಮಟಕಿಯ ಮದುವೆ. ಮೊದಲು ಮುಗಿಸಿದವರಿಗೆ ಇನ್ನು ಮುಂದೆ ಮದುವೆ ವಿಡಿಯೊ, ಇನ್ನೊಬ್ಬರು ಕೌಂಟರಿನಲ್ಲಿ ನಿಂತು ಪಾಸ್‌ಪೋರ್ಟ್ ಫೋಟೊ ತೆಗೆಯುವುದು ಎಂದು ಗಂಡ ಹೇಳಿಬಿಟ್ಟರು.

ನಾನೂ ಸ್ಪೀಡ್ ಏರಿಸಿದೆ. ಮೊಬೈಲಿನಲ್ಲಿ ನೋಡಿಕೊಂಡು, ಕಂಪ್ಯೂಟರ್ ಶುರುವಾಗುವಾಗ ಬರುವ ಸೆಟ್ಟಿಂಗಿನೊಳಗೆ ಹೋಗಿ, ಸ್ಪೀಡನ್ನೂ ವೋಲ್ಟೇಜನ್ನೂ ಒಮ್ಮೆಗೇ ಮೇಲಕ್ಕೆ ತಳ್ಳಿದೆ. ಅವಳಿಗಿಂತ ಒಂದು ಕೈ ಮೇಲೇ ಇರಲಿ ಅಂತ. ಜೇವರ್ಗಿಯ ಮದುಮಗಳು ಅಕ್ಷತೆಗೆ ತಲೆ ಬಾಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆ, ಮತ್ತೆ ಅಲ್ಲೇ ಕಪ್ಪು. ಕಲಬುರಗಿಯ ಅಂಗಡಿಯವನಿಗೆ ಫೋನ್ ಮಾಡಿದೆ.

“ಗರಂ ಆಗಾಕತ್ತದ್ರಿ ಅದು. ಕೂಲರ್ ದೊಡ್ಡದು ಹಾಕ್ರಿ,” ಅಂದ.

ಬೇಸಿಗೆಯಲ್ಲಿ ನಮ್ಮ ಕಡೆ ಕೂಲರ್ ಅಂದರೆ ಒಂದೇ ಒಂದು: ಸುತ್ತ ಹುಲ್ಲು, ಕೆಳಗೆ ನೀರು, ಮುಂದೆ ಫ್ಯಾನು. ಮನೆಯಲ್ಲಿ ದೊಡ್ಡದು ಅತ್ತೆಯದು. ಅವರು ಜಿಡಗಾ ಮಠಕ್ಕೆ ಹೋಗಿದ್ದರು. ಅದನ್ನು ದರದರ ಎಳೆದು ತಂದು, ಕೊಡದಿಂದ ನೀರು ತುಂಬಿ, ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ನೇರ ಒಳಕ್ಕೇ ಗಾಳಿ ಬಿಟ್ಟೆ.

ಆಗಲೇ ನೆಗೆಣ್ಣಿ ಬಂದಳು.

“ಅಯ್ಯ ಅಕ್ಕಾ! ನೀರಿನ ಗಾಳಿ ಹೊಡಸಾಕತ್ತೀರಲ್ರಿ! ಬೋರ್ಡ್ ಸುಟ್ಟು ಹೋಗ್ತದ!” ಎಂದು ಪ್ಲಗ್ ಕಿತ್ತಳು.

“ಅಂಗಡಿಯವನೇ ಕೂಲರ್ ದೊಡ್ಡದು ಹಾಕ್ರಿ ಅಂದಾನ.”

ಪ್ರೊಸೆಸರಿನ ಮೇಲೆ ಕೂತಿದ್ದ ಅಂಗೈಯಗಲದ ಫ್ಯಾನನ್ನು ತೋರಿಸಿ, “ಕೂಲರ್ ಅಂದ್ರ ಇದ್ರಿ, ಅಕ್ಕಾ,” ಎಂದವಳು ನೆಲದ ಮೇಲೆ ಕೂತು ನಕ್ಕಳು. ಎರಡು ಬಾರಿಸಬೇಕು ಅನ್ನಿಸಿತು.

ಆದರೆ ನಕ್ಕು ಮುಗಿಸಿ ತನ್ನ ಮಟಕಿಯ ಕೆಲಸ ಬಿಟ್ಟು ನನ್ನದಕ್ಕೇ ಕೂತಳು. ಎಲ್ಲ ಒಣಗಲು ಬಿಟ್ಟಳು. ಫ್ಯಾನಿನ ಧೂಳು ಬ್ರಷ್ಷಿನಿಂದ ತೆಗೆದು, ಅದರ ಅಡಿಯಲ್ಲಿ ಬಿಸಿ ಎಳೆಯಲು ಹಚ್ಚಿದ್ದ, ಈಗ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದಳು. ನಾನು ಏರಿಸಿದ್ದನ್ನೆಲ್ಲ ಮೊದಲಿನ ಹಾಗೆ ಮಾಡಿ, ಸ್ಪೀಡನ್ನು ಒಂದೇ ಹೆಜ್ಜೆ ಏರಿಸಿ, ಪ್ರೊಸೆಸರನ್ನು ಪೂರ್ತಿ ದುಡಿಸುವ ಟೆಸ್ಟ್ ಹಚ್ಚಿ, ಬಿಸಿ ಎಷ್ಟಾಗುತ್ತದೆ ಎಂದು ನೋಡುತ್ತ ಕೂತಳು. ಆಮೇಲೆ ಇನ್ನೊಂದು ಹೆಜ್ಜೆ.

“ಎಲ್ಲಿ ಎಡವ್ತದ ನೋಡಿ, ಅಲ್ಲಿಂದ ಹಿಂದ ಸರೀಬೇಕ್ರಿ. ನಿಮ್ಮದು ಇಷ್ಟೇ ತಾಳ್ತದ. ಒಂದೊಂದು ಚಿಪ್ ಒಂದೊಂದು ಥರ.”

ನನ್ನದು ಅವಳದಕ್ಕಿಂತ ಕೆಳಗೇ ನಿಂತಿತು. ಚಿಪ್ಪಿನಲ್ಲೂ ಅವಳ ನಸೀಬೇ ಚಲೋ!

“ಮೊದಲ ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿಯೇಬಿಟ್ಟೆ.

ಬೆರಳಿಗಂಟಿದ ಪೇಸ್ಟ್ ಒರೆಸಿಕೊಂಡಳು. “ನೀವು ಮಾಡಿದ ವಿಡಿಯೊ ನೋಡಿ ಮಂದಿ ಅಳ್ತಾರ್ರಿ. ನಾ ಮಾಡಿದ್ದಕ್ಕ ಯಾರೂ ಅಳಂಗಿಲ್ಲ. ನನಗ ಹೊಟ್ಟಿ ಉರೀತಿತ್ತು. ಕೈಯಾಗ ಇಲ್ಲದ್ದು ಮಷಿನಿನ್ಯಾಗರ ಇರ್ಲಿ ಅಂದೆ.”

ಅತ್ತೆಯ ಕೂಲರಿನಿಂದ ಆಗದ್ದು ಆ ಮಾತಿನಿಂದ ಆಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ನನ್ನ ಕಂಪ್ಯೂಟರ್ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಆದರೂ ಮಟಕಿಯೇ ಮೊದಲು ಮುಗಿಯಿತು. ಒಳಗಿನ ಕುರ್ಚಿ ಅವಳಿಗೆ ಹೋಯಿತು, ನಾನು ಕೌಂಟರಿಗೆ ಬಂದೆ.

ಜೇವರ್ಗಿಯವರು ಬಂದು ಕೌಂಟರಿನ ಟಿವಿಯಲ್ಲಿ ತಮ್ಮ ಮದುವೆ ನೋಡಿದರು. ಮಗಳನ್ನು ಕಳಿಸಿಕೊಡುವ ಜಾಗ ಬಂದಾಗ ತಾಯಿ ಸೆರಗು ಬಾಯಿಗೆ ಹಿಡಿದು ಅತ್ತರು, ತಂದೆಯೂ ಕಣ್ಣೊರೆಸಿಕೊಂಡರು. ನಾನು ಹಿಂದಕ್ಕೆ ತಿರುಗಿದೆ. ನೆಗೆಣ್ಣಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಗುರುತು ನನಗಿತ್ತು; ಕಪ್ಪು ತೊಳೆಯುವ ಅವಳ ಬೆನ್ನನ್ನು ನಾನೂ ಹಾಗೇ ನೋಡುತ್ತಿದ್ದೆ.

ಅಷ್ಟರಲ್ಲಿ ಫೋಟೊ ತೆಗೆಸಲು ಒಬ್ಬರು ಬಂದರು. ಸ್ಟೂಲಿನ ಮೇಲೆ ಕೂರಿಸಿ, ಅಲುಗಾಡಬ್ಯಾಡ್ರಿ ಅಂದೆ. ಒಳಗೆ ಅವಳು ಎದ್ದು ಹೋಗಿ ಕಪ್ಪು ತೊಳೆಯತೊಡಗಿದಳು, ಅದೇ ಸಪ್ಪಳ. ಫೋಟೊ ಅಲುಗಾಡಿ ಬಂತು. ಅಲುಗಾಡಿದ್ದು ನನ್ನ ಕೈ.