ರೇಡಿಯೇಟರಿಗೆ ಹಾಕಿದ ರಾಗಿಹಿಟ್ಟು

ಕೆಂಪರಾಜುವಿಗೆ ಒಂದು ಹಮ್ಮಿತ್ತು. ತನ್ನ ವ್ಯಾನನ್ನು ಇವತ್ತಿನವರೆಗೆ ನಡುರಸ್ತೆಯಲ್ಲಿ ಬಿಟ್ಟು ಮನೆಗೆ ಬಂದವನಲ್ಲ. ಮಳವಳ್ಳಿಯಿಂದ ಮುತ್ತತ್ತಿಗೆ ಇಪ್ಪತ್ತು ವರ್ಷ ಭಕ್ತರನ್ನು ಸಾಗಿಸಿದ ಆಸಾಮಿ. ಕಬ್ಬಿನ ಲಾರಿ ಓಡಿಸುತ್ತಿದ್ದ ಅಪ್ಪ ಮಾದಯ್ಯ ಕಲಿಸಿದ ರಿಪೇರಿಯೆಲ್ಲ ಬಾಯಿಪಾಠ. ಮೆಕ್ಯಾನಿಕ್ಕಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ. ಮುರಿಯಲಿ, ಯಾರು ಬೇಡ ಅಂದರು? ಆದರೆ ಎರಡು ವರ್ಷದಿಂದ ಹೆಂಡತಿ ವನಜಾಳ ಜೀವ ಆ ವ್ಯಾನಿನ ಮೇಲೆ ನಿಂತಿತ್ತಲ್ಲ! ಅವಳ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಮಂಡ್ಯಕ್ಕೆ ಕರೆದೊಯ್ದು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಲೇಬೇಕು.

ಆ ಗುರುವಾರ ಹೊರಡುವಾಗಲೇ ಅವಳ ಕಾಲು ಊದಿ ಚಪ್ಪಲಿ ಹಿಡಿಸಿರಲಿಲ್ಲ. ಜ್ವರ ಬಂದು ಹಿಂದಿನ ಸರದಿ ತಪ್ಪಿತ್ತು. ಇವತ್ತು ಹನ್ನೆರಡರಿಂದ ನಾಲ್ಕರವರೆಗೆ ಅವಳ ಪಾಳಿ. ಮದ್ದೂರು ದಾಟಿ ಎರಡು ಮೈಲಿ ಬಂದಿದ್ದರೋ ಇಲ್ಲವೋ, ವ್ಯಾನಿನ ಮುಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಆಗ ಹನ್ನೊಂದೂಕಾಲು.

ಹೋದ ತಿಂಗಳಷ್ಟೇ ತಾನೇ ಕೂರಿಸಿದ್ದ ರೇಡಿಯೇಟರು. ಹಳೆಯದರ ಮೇಲಿನ ಟ್ಯಾಂಕು ಹಿತ್ತಾಳೆಯದು. ಇದರದ್ದು ಪ್ಲಾಸ್ಟಿಕ್ಕು, ಅದೂ ಹೆಸರು ದಿಕ್ಕಿಲ್ಲದ ಅಗ್ಗದ ಮಾಲು. ಪೈಪು ಸೇರುವ ಕತ್ತಿನಲ್ಲೇ ಬಿರುಕು ಬಿಟ್ಟು ನೀರೆಲ್ಲ ರಸ್ತೆಪಾಲಾಗಿತ್ತು.

"ಬಸ್ಸು ಬತ್ತಾ ಅದೆ, ಕೈ ಅಡ್ಡ ಆಕಿ," ವನಜಾ ಏದುಸಿರಿನಲ್ಲೇ ಅಂದಳು.

"ಸುಮ್ಕಿರಮ್ಮಿ, ಐದೇ ನಿಮ್ಸ."

ಅವಳು ಎತ್ತಿದ ಕೈಯನ್ನು ಅವನೇ ಕೆಳಗಿಳಿಸಿದ. "ಗಾಡಿ ಇಲ್ ಬುಟ್ಟು ಓದ್ರೆ ನೋಡ್ದೋರು ಏನಂದಾರು?"

"ನಂಗೆ ಉಸ್ರೇ ಸಿಕ್ತಿಲ್ಲ, ನಿಮ್ಗೆ ನೋಡ್ದೋರ್ ಚಿಂತೆ."

ಬಸ್ಸು ಹೋಯಿತು. ಹಿಂದಿನ ಸೀಟಿನಲ್ಲಿ ಬೆಳಿಗ್ಗೆ ಮಿಲ್ಲಿಗೆ ಹಾಕಿಸಿ ತಂದ ರಾಗಿಹಿಟ್ಟಿನ ಚೀಲವಿತ್ತು. ಅಪ್ಪನ ಲಾರಿ ಸೋರಿದಾಗ ಒಂದು ಹಿಡಿ ಹಿಟ್ಟು ಹಾಕಿದರೆ ಸಾಕು, ತೂತಿನಲ್ಲಿ ಬೆಂದು ಕೂತು ಸೋರುವುದು ನಿಲ್ಲುತ್ತಿತ್ತು. ಕೆಂಪರಾಜು ದೂರದ ಪಂಪ್‌ಸೆಟ್ಟಿಗೆ ಹೋಗಿ ನೀರು ತಂದ, ಇಂಜಿನ್ನು ತಣ್ಣಗಾಗಲು ಕಾದ, ಹಿಟ್ಟು ಸುರಿದ. ನಿಲ್ಲಲಿಲ್ಲ. ಇನ್ನೊಂದು ಹಿಡಿ, ಮತ್ತೆ ನೀರು, ಮತ್ತೊಂದು ಹಿಡಿ. ಅಲ್ಲಯ್ಯಾ, ಅದು ಸೂಜಿಮೊನೆಯಷ್ಟು ತೂತಿಗೆ ಮಾಡುವ ಉಪಾಯ. ಬೆರಳುದ್ದ ಬಾಯಿಬಿಟ್ಟ ಪ್ಲಾಸ್ಟಿಕ್ಕಿಗೆ ಹಿಟ್ಟೇನು ಮಾಡೀತು? ಅಷ್ಟರಲ್ಲಿ ಎರಡನೇ ಬಸ್ಸೂ ಹೋಯಿತು. ಅವಳ ಕಡೆ ತಿರುಗಿಯೂ ನೋಡದೆ ವ್ಯಾನು ಚಾಲೂ ಮಾಡಿದ. ಹಿಟ್ಟು ಒಳಗೆಲ್ಲ ಅಂಬಲಿಯಾಗಿ ಗಟ್ಟಿ ಕಟ್ಟಿಕೊಂಡಿತ್ತು. ಫರ್ಲಾಂಗು ಹೋಗುವುದರೊಳಗೆ ಇಂಜಿನ್ನು ಕಟಕಟ ಎಂದು ಹಿಡಿದು ನಿಂತುಬಿಟ್ಟಿತು.

ಆಗ ತಿರುಗಿ ನೋಡಿದ. ವನಜಾಳ ತುಟಿ ನೀಲಿಗಟ್ಟಿತ್ತು. ಮಾತಾಡಿಸಿದರೆ ಬರೀ ಕಣ್ಣು ಬಿಡುತ್ತಿದ್ದಳು. ರಸ್ತೆಗಿಳಿದು ಎರಡೂ ಕೈ ಬೀಸಿದ, ಗೋಳೋ ಎಂದು ಅತ್ತ, ಕಂಡ ಕಾರಿಗೆಲ್ಲ ಕೈಮುಗಿದ. ಯಾರೂ ನಿಲ್ಲಿಸಲಿಲ್ಲ. ಬೇಕೆಂದಾಗ ಬಸ್ಸೂ ಬರಲಿಲ್ಲ. ಕೊನೆಗೆ ನಿಂತದ್ದು ಎಳನೀರು ತುಂಬಿದ್ದ ಗೂಡ್ಸ್ ಆಟೋ. ಅದರ ಮುದುಕ ನಾಗಯ್ಯ ಅವಳ ಮುಖ ನೋಡಿ ಕಿಡಿಕಿಡಿಯಾದ.

"ಏನ್ಲಾ ಇದು, ಎಣ್ಣೆಂಗ್ಸುನ್ನ ಸಾಯಿಸ್ಬುಟ್ಟೀಯ! ಎತ್ತಲಾ ಬೇಗ!"

ಅವಳನ್ನು ಮುಂದೆ ಒರಗಿಸಿ, ಕೆಂಪರಾಜು ಎಳನೀರಿನ ಮೇಲೆ ಕೂತ. ವ್ಯಾನಿಗೆ ಬೀಗ ಹಾಕುವುದೂ ನೆನಪಾಗಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಎರಡೂಕಾಲು. ಸಿಸ್ಟರ್ ಸುನಿತಾ ಓಡಿಬಂದು ಆಕ್ಸಿಜನ್ ಹಾಕಿದಳು.

"ನಾಲ್ಕು ಗಂಟೆಗೆ ಇನ್ನೊಬ್ಬರನ್ನ ಮಲಗಿಸಬೇಕು, ಅವರ ಸ್ಥಿತೀನೂ ಹೀಗೇ ಇದೆ. ಯಾಕಿಷ್ಟು ಲೇಟು?"

ವನಜಾ ಮಾಸ್ಕನ್ನು ತುಸು ಸರಿಸಿದಳು. "ಗಾಡಿ... ಕೆಟ್ಟೋಯ್ತು ಕಣಮ್ಮ."

ಆ ಸ್ಥಿತಿಯಲ್ಲೂ ಗಂಡನ ಮಾನ ಕಾಯುತ್ತಿದ್ದಾಳೆ! ಕೆಂಪರಾಜುವಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಸುಳ್ಳು ಸಿಸ್ಟರೇ," ಅಂದ, ಅಲ್ಲಿದ್ದವರಿಗೆಲ್ಲ ಕೇಳುವಂತೆ. "ಎಲ್ಡು ಬಸ್ಸು ಬಂದ್ವು. ನಾನೇ ಅತ್ತುಸ್ನಿಲ್ಲ."

ಸುನಿತಾ ಬೇಗಬೇಗ ಸೂಜಿ ಚುಚ್ಚಿ ಯಂತ್ರ ಹಚ್ಚಿದಳು. ಬೇಕಿದ್ದ ನಾಲ್ಕು ಗಂಟೆಯಲ್ಲಿ ವನಜಾಳಿಗೆ ಸಿಕ್ಕಿದ್ದು ಒಂದೂವರೆ ಗಂಟೆ.