ಸಮುದ್ರಕ್ಕಿಳಿಯಲು ಒಂದು ಅಂಗಿ

ಲಕ್ಷದ್ವೀಪದ ಕಡಲದಂಡೆಯಲ್ಲಿ ನಮ್ಮ ಚಿಗವ್ವ ಹುಲಿಗೆಮ್ಮ ಒಬ್ಬ ಅರ್ಥಶಾಸ್ತ್ರ ಲೆಕ್ಚರರ್‌ರ ಅಂಗಿ ಕೇಳಿದಳು.

ಅದೂ ಹೊಸ ಅಂಗಿ. ಟ್ರಿಪ್‌ಗೆಂದೇ ಹೊಲಿಸಿಕೊಂಡಿದ್ದು. ಅವರು ಅದನ್ನು ನೀಟಾಗಿ ಮಡಚಿ ಕುರ್ಚಿಯ ಮೇಲಿಟ್ಟು ನೀರಿಗಿಳಿದಿದ್ದರು. ಮುಖದ ಮೇಲೆ ಮಾಸ್ಕಿನ ಗುರುತು ಹೊತ್ತುಕೊಂಡು ಆಗಷ್ಟೇ ಮೇಲೆ ಬಂದಿದ್ದರು.

“ಸರ್, ನಿಮ್ಮ ಅಂಗಿ ಒಂದೀಟು ಕೊಡ್ರಿ” ಅಂದಳು. ಕುಡಿಯಲು ನೀರು ಕೇಳಿದಷ್ಟು ಸಲೀಸಾಗಿ.

ಮೊದಲಿಂದ ಹೇಳುತ್ತೇನೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಾವೊಂದಿಷ್ಟು ಪಿಯು ಲೆಕ್ಚರರ್‌ಗಳು ರಜೆಯಲ್ಲಿ ಲಕ್ಷದ್ವೀಪದ ಹಡಗು ಹತ್ತಿದೆವು. ಮನೆಯಿಂದ ಒಬ್ಬೊಬ್ಬರನ್ನು ಕರೆತರಬಹುದಿತ್ತು. ಅವ್ವನನ್ನು ಕೇಳಿದೆ. “ಬಸ್ಸಿನ್ಯಾಗ ಲಿಂಗಸುಗೂರಿಗೆ ಹೋದ್ರ ವಾಂತಿ ಮಾಡ್ಕೋತೀನಿ, ನನ್ನ ಹಡಗಿನ್ಯಾಗ ಒಯ್ತೀಯೇನು?” ಅಂದಳು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಆಕೆಯ ತಂಗಿ, ಅಂದರೆ ಚಿಗವ್ವ, ತಲೆಯೆತ್ತದೆ ಹೇಳಿದಳು: “ನಾ ಬರ್ತೀನಿ.”

ಚಿಗವ್ವ ವಳಕಮದಿನ್ನಿಯಲ್ಲಿ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಖ್ಯಸ್ಥೆ. ಯಾರ ಗದ್ದೆ, ಎಷ್ಟು ಎಕರೆ, ಎಷ್ಟು ಜನ, ಎಲ್ಲ ಆಕೆಯೇ ಮಾತಾಡುವುದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. (ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಸಂದರ್ಭ ಮಾಡಿಕೊಳ್ಳುತ್ತೇನೆ.) ಆ ಡಿಗ್ರಿಯ ಫೀಸು ಹುಟ್ಟಿದ್ದು ಚಿಗವ್ವನ ಗುಂಪಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ. ನಾನು ಒಂದು ಸಾಲು ಹಿಂದೆ ಬಿದ್ದರೆ ಬೇರೆಯವರಿಗಿಂತ ನನಗೇ ಹೆಚ್ಚು ಬೈಗುಳ ಬೀಳುತ್ತಿತ್ತು.

ಕೊಚ್ಚಿಯಲ್ಲಿ ಹಡಗು ಬಿಟ್ಟಾಗ ಕೇಳಿದೆ: “ಚಿಗವ್ವ, ಏನೇನು ನೋಡಬೇಕಂತೀ?”

“ನೋಡೂದೇನಿಲ್ಲ. ನೀರಾಗ ಸುಮ್ನ ನಿಂದ್ರಬೇಕು.”

“ಇಷ್ಟು ವರ್ಷ ನೀರಾಗೇ ನಿಂತೀಯಲ್ಲ?”

“ಅದು ನಿಂದ್ರೂದಲ್ಲ ಯವ್ವಾ. ಬಗ್ಗೂದು.”

ಹೋಗಬೇಕೆನ್ನುವವರಿಗೆ ಒಂದಿಷ್ಟು ಮಾಹಿತಿ. ಹಡಗು ರಾತ್ರಿ ಸಾಗುತ್ತದೆ, ಬೆಳಿಗ್ಗೆ ದ್ವೀಪದಿಂದ ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ಬೋಟುಗಳಲ್ಲಿ ದಂಡೆಗೆ. ಹಗಲೆಲ್ಲ ದ್ವೀಪದಲ್ಲಿ, ಸಂಜೆ ಮತ್ತೆ ಹಡಗಿಗೆ. ಒಂದು ಜೊತೆ ಒಣ ಬಟ್ಟೆ, ಟೊಪ್ಪಿಗೆ, ಬೇಗ ಬಿಚ್ಚಿ ಹಾಕುವಂಥ ಚಪ್ಪಲಿ ಇರಲಿ. ಹವಳದ ಚೂರು ಚೆಂದ ಕಂಡರೂ ಜೇಬಿಗಿಳಿಸಬೇಡಿ, ಅದು ಅಪರಾಧ. ಮೀನು ತಿನ್ನುವವರು ಸೂರೆ ಮೀನಿನ, ಅಂದರೆ ಟ್ಯೂನಾದ, ಊಟ ಬಿಡಬೇಡಿ.

ಮತ್ತೆ, ಬೋಟಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯಬೇಡಿ.

ಹೌದು, ಚಿಗವ್ವ ಹಿಡಿದಳು. ಹಡಗಿನ ಬಾಗಿಲಲ್ಲಿ ನಿಂತೇ, ಅಲೆಗೆ ಏಳುತ್ತ ಬೀಳುತ್ತ ಇದ್ದ ಬೋಟಿನೊಳಗೆ ಗುರಿಯಿಟ್ಟು ಟವೆಲ್ ಎಸೆದು, “ಸುಜಾತಾ, ಕಿಡಕಿ ಕಡೆ ಹಿಡದೀನಿ ಬಾ” ಅಂದಳು. ಬೋಟಿಗೆ ಕಿಟಕಿಯೇ ಇರಲಿಲ್ಲ. ಆದರೆ ಟವೆಲ್ ಬಿದ್ದ ಜಾಗದಲ್ಲಿ ಯಾರೂ ಕೂರಲಿಲ್ಲ! ಸಿಂಧನೂರು ಬಸ್‌ಸ್ಟ್ಯಾಂಡಿನ ಕಾನೂನು ಅರಬ್ಬಿ ಸಮುದ್ರದಲ್ಲೂ ನಡೆಯಿತು.

ನಮ್ಮ ಟ್ರಿಪ್ ಲೀಡರ್ ಲಿಂಗಸುಗೂರಿನ ಶರಣಪ್ಪ ಸರ್. ಅರ್ಥಶಾಸ್ತ್ರ. ಆ ಅಂಗಿಯ ಮಾಲೀಕರು ಇವರೇ. ಪ್ರತಿ ದ್ವೀಪಕ್ಕೂ ಮುಂಚೆ ವಾಟ್ಸಾಪ್‌ನಲ್ಲಿ ಮೆಸೇಜು ಬರುತ್ತಿತ್ತು: ಎಳನೀರು, ಕಯಾಕ್, ಸ್ನಾರ್ಕ್ಲಿಂಗ್, ಗ್ಲಾಸ್ ಬೋಟ್, ಊಟ, ಕುಣಿತ, ಶಾಪಿಂಗ್. ಕೆಳಗೆ ಒಂದು ಸಾಲು: “ರೊಕ್ಕ ಕೊಟ್ಟೀವಿ, ಯಾರೂ ಒಂದೂ ಬಿಡಬ್ಯಾಡ್ರಿ.” ಮೊದಲ ದಿನ ನಾವು ಬಿಡಲಿಲ್ಲ. ಕಯಾಕಿನಿಂದಿಳಿದು ಸ್ನಾರ್ಕ್ಲಿಂಗ್‌ಗೆ, ಅಲ್ಲಿಂದ ಗ್ಲಾಸ್ ಬೋಟಿಗೆ ಓಡಿದೆವು. ಮೌಲ್ಯಮಾಪನ ಕೇಂದ್ರದಲ್ಲಿ ಒಂದು ಬಂಡಲ್ ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತೇವಲ್ಲ, ಥೇಟ್ ಹಾಗೆ. ಮೀನು ನೋಡಿದೆವೋ, ಮೀನು ನೋಡುತ್ತಿರುವ ನಮ್ಮ ಫೋಟೋ ನೋಡಿದೆವೋ?

ಮೊದಲ ದ್ವೀಪದಲ್ಲಿ ಚಿಗವ್ವ ನೀರಿಗಿಳಿಯಲೇ ಇಲ್ಲ. “ಅಮ್ಮಾ, ಒಂದು ಗಳಿಗಿ ನೋಡ್ಕೊಂಡಿರ್ರಿ” ಅಂತ ಒಬ್ಬೊಬ್ಬರೇ ಬ್ಯಾಗು, ಮೊಬೈಲು, ಕನ್ನಡಕ ಆಕೆಯ ಮುಂದೆ ಇಟ್ಟು ಹೋದರು. ತೆಂಗಿನ ಮರದ ಕೆಳಗೆ ಸಾಮಾನಿನ ರಾಶಿ, ರಾಶಿಗೊಬ್ಬ ಕಾವಲುಗಾರ್ತಿ. ಕೂಲಿ ಹೆಂಗಸು ಕುಂತಲ್ಲಿಗೇ ಕೆಲಸ ಹುಡುಕಿಕೊಂಡು ಬರುತ್ತದೆ, ಸಮುದ್ರ ದಾಟಿಯೂ ಬರುತ್ತದೆ.

ಎರಡನೆಯ ದ್ವೀಪಕ್ಕೆ ಇಳಿಯುವಾಗಲೇ ಆಕೆ ಹೇಳಿದಳು: “ಇವತ್ತು ಯಾರ ಗಂಟೂ ಕಾಯಂಗಿಲ್ಲ.” ಮರುದಿನದ ದ್ವೀಪದಲ್ಲಿ ಲೈಟ್‌ಹೌಸು, ಊರು ಸುತ್ತುವುದು ಅಷ್ಟೇ ಇತ್ತು. ನೀರಿಗಿಳಿಯುವುದಿದ್ದರೆ ಇದೇ ಕೊನೆ.

ಸೀದಾ ದಂಡೆಗೆ ಹೋದಳು. ಲೈಫ್ ಜಾಕೆಟ್ ಹಂಚುತ್ತಿದ್ದ ದ್ವೀಪದ ಮನುಷ್ಯ ಸೀಟಿ ಊದಿ ಕೈ ಅಡ್ಡ ಹಿಡಿದ.

ಸೀರೆಯಲ್ಲಿ ಇಳಿಯುವಂತಿಲ್ಲ.

ಮಸ್ಕಿಯ ಶಮೀಮ್ ಮೇಡಂ ಮುಂದೆ ಬಂದರು. ದ್ವೀಪದವರು ಮುಸ್ಲಿಮರು, ತಮ್ಮ ದಖನಿ ಉರ್ದು ಅವರಿಗೆ ಬಂದೇ ಬರುತ್ತದೆ ಎಂದು ಕೊಚ್ಚಿಯಿಂದಲೂ ನಂಬಿಕೊಂಡು ಬಂದವರು. “ಕಾಯ್ಕು ಭಾಯಿ, ಬೇಚಾರಿ ಇತ್ತೀ ದೂರ್ ಸೇ ಆಯೀ, ಐಸಾ ಬೋಲ್ನಾ ನಕ್ಕೋ” ಅಂದರು, ಪಾಪ ಅಷ್ಟು ದೂರದಿಂದ ಬಂದವಳಿಗೆ ಹಾಗನ್ನಬೇಡ ಅಂತ. ಆತ ಮಲಯಾಳಂನಲ್ಲಿ ಏನೋ ಹೇಳಿ, ಆಮೇಲೆ ತನಗೆ ಬಂದಷ್ಟು ಹಿಂದಿಯಲ್ಲಿ ವಿವರಿಸಿದ. ಸೆರಗು, ನೆರಿಗೆ ಬಿಚ್ಚಿಕೊಂಡು ಕಾಲಿಗೆ ಸುತ್ತಿದರೆ ಮನುಷ್ಯರು ಏಳಲಾರರು.

ಆತ ಹೇಳಿದ್ದು ಸರಿಯೇ. ಕಾಲುವೆ ಸೀಮೆಯವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಚೂಡಿದಾರ ಹಾಕಿಕೋ ಅಂದೆ.

“ಈ ವಯಸ್ಸಿನ್ಯಾಗ ಚೂಡಿ ಹಾಕ್ಕಂಡು ನಿಂದ್ರಲೇನು? ನೀವು ಫೋಟೋ ತಗದು ಬಿಡ್ತೀರಿ, ಅದು ನನಗಿಂತ ಮೊದ್ಲು ವಳಕಮದಿನ್ನಿ ಮುಟ್ತತಿ.”

“ಹಂಗಾದ್ರ ದಂಡ್ಯಾಗ ಕಾಲಷ್ಟೇ ತೊಯ್ಸಿಕೋ ಚಿಗವ್ವ.”

“ಕಾಲು ತೊಯ್ಸಿಕೊಳ್ಳಾಕ ನಮ್ಮೂರ ಕಾಲುವಿ ಇದ್ದಿಲ್ಲೇನು?”

ಸುತ್ತ ನೋಡಿದಳು. ಕುರ್ಚಿ ಕಂಡಿತು. ಅಂಗಿ ಕಂಡಿತು.

ನಾಟಿಗೆ ಹೋಗುವ ಹೆಂಗಸರನ್ನು ನೀವು ರಸ್ತೆಯಲ್ಲಿ ಹೋಗುವಾಗ ನೋಡಿರುತ್ತೀರಿ. ಸೀರೆಯನ್ನು ಮೊಣಕಾಲಿಗೆತ್ತಿ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸುತ್ತಿ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಇಡೀ ದಿನ ಬಗ್ಗಿದರೂ ಒಂದು ಎಳೆ ಜೋತಾಡುವುದಿಲ್ಲ.

ಶರಣಪ್ಪ ಸರ್ ಅಂಗಿ ಕೈಗೆತ್ತಿಕೊಂಡರು. ಕೊಡಲಿಲ್ಲ. “ಅಮ್ಮಾ, ಇದು ಹೊಸಾದು...” ಅಂದರು.

(ಹಿಂಜರಿದದ್ದು ಹೊಸ ಬಟ್ಟೆಯ ಆಸೆಗೇ ಇರಬೇಕು. ಆದರೆ ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಇಂಥ ಹೊತ್ತಿನಲ್ಲಿ ಇನ್ನೊಂದು ಕಾರಣವೂ ತಲೆಗೆ ಬಂದುಹೋಗುತ್ತದೆ. ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.)

“ಹೊಸಾದಾದ್ರ ಇನ್ನೂ ಚಲೋ ಆತಲ್ರಿ. ಹಳೇದು ಪಸಕ್ಕಂತ ಹರೀತತಿ” ಅಂದಳು ಚಿಗವ್ವ.

ಸರ್ ನಕ್ಕುಬಿಟ್ಟರು. ಅಂಗಿ ಝಾಡಿಸಿ ಕೊಟ್ಟರು. “ಹಾಕ್ಕೊಳ್ರಿ. ನಮ್ಮವ್ವನೂ ನಮ್ಮಪ್ಪನ ಅಂಗಿ ಹಾಕ್ಕಂಡೇ ಹತ್ತಿ ಬಿಡಸಾಕ ಹೋಗ್ತಿದ್ಲು.”

ಬಟ್ಟೆ ಬದಲಿಸುವ ಕೋಣೆಯಿಂದ ಚಿಗವ್ವ ಹೊರಬಂದಾಗ ಕಚ್ಚೆ ಬಿಗಿದಿತ್ತು, ಅಂಗಿಯ ಗುಂಡಿ ಕೊರಳತನಕ ಹಾಕಿತ್ತು. ಸೀಟಿಯವನು ಸುತ್ತ ಒಂದು ಸುತ್ತು ಬಂದು ನೋಡಿದ. ಜೋತಾಡುವ ತುದಿ ಸಿಗಲಿಲ್ಲ. ಲೈಫ್ ಜಾಕೆಟ್ ತಂದು ಪಟ್ಟಿ ಬಿಗಿದ.

“ಎತ್ತು ಹೂಡಿದಂಗ ಹೂಡಾಕತ್ತಾನ ನೋಡು” ಅಂದಳು. ಇಳಿದಳು.

ಸೊಂಟದುದ್ದ ನೀರಿಗೆ ಹೋದ ಮೇಲೆ ಆತ ಮಾಸ್ಕ್ ಹಿಡಿದು, ಮುಖ ಮುಳುಗಿಸಿ ನೋಡು ಅಂತ ಸನ್ನೆ ಮಾಡಿದ.

“ಅದರಾಗ ಏನೈತಂತ?” ನನ್ನನ್ನು ಕೇಳಿದಳು.

“ಬಣ್ಣದ ಮೀನು ಚಿಗವ್ವ.”

“ಮತ್ತ ಬಗ್ಗಬೇಕಲ್ಲ! ಒಲ್ಲೆ ಅಂತ ಹೇಳವಗ.”

ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನೆಟ್ಟಗೆ. ನೀರು ಗಾಜಿನಂತಿತ್ತು, ಆಕೆಯ ಕಾಲ್ಬೆರಳು ಕಾಣುತ್ತಿದ್ದವು. ಕೆಸರು ತಿಂದು ತಿಂದು ಉಗುರು ಕಪ್ಪಾದ ಬೆರಳು. ಸಣ್ಣ ಅಲೆ ಬಂದು ಅಂಗಿ ಉಬ್ಬಿಸಿ ಹೋಗುತ್ತಿತ್ತು. ಆಕೆ ಏನೂ ಮಾಡುತ್ತಿರಲಿಲ್ಲ. ಹಾಡಲಿಲ್ಲ, ನಗಲಿಲ್ಲ, ಫೋಟೋಗೆ ತಿರುಗಲೂ ಇಲ್ಲ.

ಅಷ್ಟರಲ್ಲಿ ಉಳಿದವರೆಲ್ಲ ಮುಂದಿನ ಕೆಲಸಕ್ಕೆ ರೆಡಿಯಾದರು. ಶರಣಪ್ಪ ಸರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ದಂಡೆಯಲ್ಲಿ ನಿಂತು ಕೂಗಿದರು: “ಅಮ್ಮಾ, ಸಾಕು ಬರ್ರಿ! ಇನ್ನ ಗ್ಲಾಸ್ ಬೋಟ್ ಐತಿ! ಲಗೂನ, ಲಗೂನ!”

ಚಿಗವ್ವ ತಿರುಗಲಿಲ್ಲ. ಅಲ್ಲಿಂದಲೇ ಹೇಳಿದಳು:

“ಇವತ್ತು ನಾ ಕೂಲಿಗೆ ಬಂದಿಲ್ರೀ ಸರ್. ಒದರಬ್ಯಾಡ್ರಿ.”

ದಂಡೆಯಲ್ಲಿ ಎಲ್ಲರೂ ನಕ್ಕರು. ಸರ್ ಕೂಡ. ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕುಂತರು. ಶಮೀಮ್ ಮೇಡಂ ಚಪ್ಪಲಿ ಬಿಟ್ಟು ಮರಳಲ್ಲಿ ಕುಂತರು. ಆ ದಿನ ನಮ್ಮ ಗುಂಪಿಗೆ ಗ್ಲಾಸ್ ಬೋಟ್ ತಪ್ಪಿತು. ಯಾರೂ ಸತ್ತುಹೋಗಲಿಲ್ಲ.

ತಾನಾಗಿಯೇ ಮೇಲೆ ಬಂದು ಅಂಗಿಯ ತೋಳು ಹಿಂಡಿಕೊಳ್ಳುತ್ತ ಚಿಗವ್ವ ನನ್ನನ್ನು ಕೇಳಿದಳು: “ಗದ್ದ್ಯಾಗ ನಾನೂ ಹಿಂಗೇ ಒದರ್ತೀನೇನು?”

“ಇದಕ್ಕಿಂತ ಜೋರು” ಅಂದೆ. ಅನುಭವಸ್ಥೆ ನಾನು.

ಆಕೆ ಇನ್ನೊಂದು ತೋಳು ಹಿಂಡತೊಡಗಿದಳು.

ಈಗ ನಾಟಿ ನಡೆದಿದೆ. ಆಕೆ ಒದರುವುದನ್ನು ಬಿಟ್ಟಿದ್ದಾಳೆಂದು ಬರೆದರೆ ಅಂಕಣ ಚೆಂದ ಆಗುತ್ತಿತ್ತು. ಬಿಟ್ಟಿಲ್ಲ. ಬಿಟ್ಟರೆ ಹೊತ್ತಿನೊಳಗೆ ಎಕರೆ ಮುಗಿಯುವುದಿಲ್ಲ. ಆದರೆ ಮೊನ್ನೆ ಜವಳಗೇರಾ ಕಡೆಯ ಒಂದು ಗದ್ದೆಯಲ್ಲಿ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ, “ಎಲ್ಲಾರೂ ಒಂದು ಗಳಿಗಿ ನೆಟ್ಟಗ ನಿಂದರ್ರೇ” ಅಂದಳಂತೆ. ಹೆಂಗಸರು ಸಸಿ ಕೈಯಲ್ಲಿ ಹಿಡಿದೇ ಸೊಂಟ ಎತ್ತಿ ನಿಂತರಂತೆ.

ಬದುವಿನ ಮೇಲಿದ್ದ ಹೊಲದೊಡೆಯರು ಓಡಿ ಬಂದು, “ಏನಾತು? ಹಾವು ಬಂತೇನು?” ಅಂತ ಕೇಳಿದರಂತೆ.

ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ನೆಟ್ಟಗೆ ನಿಲ್ಲಬೇಕಾದರೆ, ಹಾವೇ ಬರಬೇಕೇನ್ರೀ?