ನೋಡದೆ ಓದಿದ ಸಾಲು

ನನ್ನ ಅತ್ತೆ ನನ್ನನ್ನು ಎರಡು ಕಾರಣಕ್ಕೆ ಬೈಯುತ್ತಿದ್ದರು. ಒಂದು, ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು. ಇನ್ನೊಂದು, ನನಗೆ ಓದಲು ಬರುತ್ತದೆ ಎಂದು. ಮೊದಲನೆಯದು ನಿಜ, ಒಪ್ಪಿಕೊಳ್ಳುತ್ತೇನೆ. ಎರಡನೆಯದು ನನ್ನ ತಂದೆಯ ತಪ್ಪು. ಅವರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆ, ಬೇಸರ ಕಳೆಯಲು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದರು. ನಾನು ಮದುವೆಯಾಗಿ ಸಿರುಗುಪ್ಪಕ್ಕೆ ಹೊರಟಾಗ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಒಂದು ಓಲೆಗರಿಯ ಕಟ್ಟನ್ನೂ ಇಟ್ಟು ಕಳಿಸಿದರು. ಕುರುಗೋಡಿನ ನಮ್ಮ ತಾತ ಕಟ್ಟಿದ ಹಾಡಿನ ಪದಗಳು ಅದರಲ್ಲಿದ್ದವು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಬೈದರೂ ಅತ್ತೆ ಓದಿಸಿಕೊಳ್ಳುವುದನ್ನು ಬಿಡಲಿಲ್ಲ. ಮಧ್ಯಾಹ್ನ ಊಟವಾಗಿ ಪಾತ್ರೆ ಬೆಳಗಿದ ಮೇಲೆ ನಮ್ಮ ಪಡಸಾಲೆಗೆ ಮೂರು ನಾಲ್ಕು ಹೆಂಗಸರು ಬಂದು ಕೂರುತ್ತಿದ್ದರು. ಅದಕ್ಕೊಂದು ಕಟ್ಟಳೆ ತಾನಾಗಿಯೇ ಬೆಳೆದಿತ್ತು. ತಮಗೆ ಬೇಕಾದ ಪದವನ್ನು ಒಬ್ಬರು ಕೇಳಬೇಕು, ನಾನು ಓದಬೇಕು, ಓದಿದ ಮೇಲೆ ಕೇಳಿದವರು ಆ ಪದ ತಮಗೆ ಏನು ಎಂದು ಹೇಳಬೇಕು. ಶಾಸ್ತ್ರಿಗಳು ಹೇಳುವ ಅರ್ಥವಲ್ಲ, ಸ್ವಂತದ್ದು. ಪಕ್ಕದ ಮನೆಯ ಬಳೆಗಾರ್ತಿ ಚಾಚಿ ಯಾವಾಗಲೂ ಗಿಳಿಯ ಪದವನ್ನೇ ಕೇಳುವಳು. "ಪಂಜರದಾಗ ಕುಂತದ್ದು ನನ್ನ ಮಗಳವ್ವ. ಬಳ್ಳಾರಿಗೆ ಕೊಟ್ಟೀನಿ. ಎರಡು ಈದ್ ಆತು, ತವರಿಗೆ ಕಳಿಸವಲ್ರು," ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುವಳು. ಅತ್ತೆಯ ಸರದಿ ಬರುವ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿರುತ್ತಿದ್ದರು. ಎಚ್ಚರಿಸಿದರೆ "ಛಲೋ ಇತ್ತು" ಎಂದು ಮಗ್ಗುಲು ಬದಲಿಸುವರು.

ಸಂತೆಯ ದಿನ ಮಾತ್ರ ಇನ್ನೊಬ್ಬಳು ಬರುತ್ತಿದ್ದಳು. ಹೊಳೆ ದಂಡೆಯ ಕೆಂಚನಗುಡ್ಡದವಳು, ಮೊಸರು ಮಾರುವ ಮುದುಕಿ. ನಾವು ದೊಡ್ಡವ್ವ ಎನ್ನುತ್ತಿದ್ದೆವು. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಅವಳ ಒಬ್ಬನೇ ಮಗ ಕೂಲಿ ಹುಡುಕಿಕೊಂಡು ಹೊಳೆ ದಾಟಿ ನಿಜಾಮರ ಸೀಮೆಗೆ ಹೋದವನು ತಿರುಗಿ ಬಂದಿರಲಿಲ್ಲ. ಬರ ಮುಗಿದು ಏಳು ವರ್ಷವಾಗಿತ್ತು. ಅವಳು ಕೇಳುತ್ತಿದ್ದದ್ದು ಹರಿಗೋಲಿನ ಪದ. ಅದರಲ್ಲಿ ಒಬ್ಬ ತಾಯಿ, ಹರಿಗೋಲು ಹತ್ತಿ ಹೋದ ಮಗನಿಗಾಗಿ ದಂಡೆಯಲ್ಲಿ ನಿಂತು ಕಾಯುತ್ತಾಳೆ. ಆ ಮಗನನ್ನು ತಾತ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದರು. ಬಲಗಿವಿಗೆ ಮಾತ್ರ ತಾಮ್ರದ ಉಂಗುರ, ಎರಡು ಹೋಳಾಗಿ ಸೀಳಿದ ಹೆಬ್ಬೆರಳಿನ ಉಗುರು, ಉರಿಬಿಸಿಲಲ್ಲೂ ತಲೆಯ ಮೇಲೆ ಕರಿಕಂಬಳಿ.

ಕೊನೆಯ ಸಾಲಿಗೆ ಬರುವ ಮೊದಲೇ ದೊಡ್ಡವ್ವ ಕೈ ಎತ್ತುವಳು. "ಸಾಕವ್ವ, ಅಲ್ಲೇ ನಿಲ್ಲಿಸು."

ಯಾಕೆಂದು ಮೊದಲ ಸಲ ಕೇಳಿದ್ದೆ. "ಕೊನೀದು ಓದಿಬಿಟ್ರ ಪದ ಮುಗೀತೈತಿ. ಮುಗಿಯೂತನಕ ನನ್ನ ಮಗ ಇನ್ನೂ ಹಾದಿಯಾಗ ಇರ್ತಾನ," ಎಂದಳು. ಅದೇ ಅವಳು ಹೇಳುತ್ತಿದ್ದ ಅರ್ಥ. ಎರಡು ವರ್ಷ ಪ್ರತಿ ಸಂತೆಗೂ ಅದನ್ನೇ ಹೇಳಿದಳು, ನಾನೂ ಪ್ರತಿ ಸಂತೆಗೂ ಅಲ್ಲಿಗೇ ನಿಲ್ಲಿಸಿದೆ.

ಬೇಸಿಗೆಯ ಒಂದು ಸಂತೆಯ ದಿನ ಬೆಳಿಗ್ಗೆ ಅತ್ತೆಯ ಕೂಡ ಜಗಳವಾಗಿತ್ತು. ಆ ಸಿಟ್ಟನ್ನು ಪಾಪ, ಆ ಮುದುಕಿಯ ಮೇಲೆ ತೀರಿಸಿಕೊಂಡೆ. "ಎಷ್ಟು ದಿನ ಅಂತ ಅರ್ಧಕ್ಕ ಬಿಡೋದು ದೊಡ್ಡವ್ವ? ಇವತ್ತು ಪೂರ್ತಿ ಓದೇಬಿಡ್ತೀನಿ ನೋಡು," ಎಂದೆ. ಅವಳು ಕೈ ಎತ್ತುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಎತ್ತಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನತ್ತ ಬಾಗಿದಳು.

ಗರಿಯಲ್ಲಿದ್ದ ಸಾಲು ನನಗೆ ಏಳು ವರ್ಷದವಳಿದ್ದಾಗಿನಿಂದ ಬಾಯಿಪಾಠ. *ಹರಿಗೋಲು ದಡಕೆ ಬಂತು, ಒಳಗೆ ಬರಿಯ ನೀರು.* ಅವಳ ಮುಖ ನೋಡಿದೆ. ಅಯ್ಯೋ, ನಾನೆಂಥ ಪಾಪಿ ಎನ್ನಿಸಿತು. ಬಾಯಿಗೆ ಬಂದದ್ದನ್ನು ಅದೇ ರಾಗದಲ್ಲಿ ಅಂದುಬಿಟ್ಟೆ: *ಹರಿಗೋಲು ದಡಕೆ ಬಂತು, ಒಳಗೆ ನಿನ್ನ ಕೂಸು.*

ಯಾವತ್ತೂ ನಿದ್ದೆ ಮಾಡುವ ಅತ್ತೆ ಆವತ್ತು ಎದ್ದು ಕೂತು ಬಾಗಿಲ ಕಡೆ ನೋಡಿದರು. "ಯಾರು ಬಂದ್ರು?" ಎಂದು ಕೇಳಿದರು. ಯಾರೂ ಬಂದಿರಲಿಲ್ಲ. ದೊಡ್ಡವ್ವ ಅರ್ಥ ಹೇಳಲಿಲ್ಲ. ಎದ್ದು, ಮೊಸರಿನ ಗಡಿಗೆಯನ್ನೂ ಮರೆತು ಹೊರಟುಹೋದಳು.

ಮೂರನೆಯ ದಿನ ಚಾಚಿ ಓಡಿಬಂದಳು. "ಯಾ ಅಲ್ಲಾ, ಕೇಳಿದ್ಯೇನವ್ವ? ದೊಡ್ಡವ್ವನ ಮಗ ಬಂದಾನಂತ!" ನಾನು ಸಂತೋಷಪಡಬೇಕಾಗಿತ್ತು, ಆಗಲಿಲ್ಲ. ಮುಂದಿನ ಸಂತೆಗೆ ದೊಡ್ಡವ್ವ ಅವನನ್ನು ಕರೆದುಕೊಂಡೇ ಬಂದಳು. ತನ್ನ ಮಗನಿಗೆ ಮುಖದ ತುಂಬ ಸಿಡುಬಿನ ಕಲೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಇವನ ಮುಖ ನುಣ್ಣಗಿತ್ತು. ಇಪ್ಪತ್ತರ ಹುಡುಗ. ಆ ಬಿಸಿಲಲ್ಲಿ ಕರಿಕಂಬಳಿ ಹೊದ್ದಿದ್ದ. ಅದನ್ನು ತೆಗೆದು ಪಕ್ಕಕ್ಕಿಟ್ಟಾಗ ಬಲಗಿವಿಯ ತಾಮ್ರದ ಉಂಗುರ ಕಂಡಿತು. ಎಡಗಿವಿಯಲ್ಲಿ ಏನೂ ಇಲ್ಲ. ನೀರಿನ ತಂಬಿಗೆ ಕೊಟ್ಟೆ. ಅದನ್ನು ಹಿಡಿದ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು.

"ಆರಾಮದೀರೇನ್ರಿ, ಅಕ್ಕಾ?" ಎಂದ, ನಿನ್ನೆ ಮೊನ್ನೆ ಕಂಡವನ ಹಾಗೆ. ಅವನು ದೊಡ್ಡವ್ವನ ಮಗನಲ್ಲ. ನಮ್ಮ ತಾತನ ಪದದ ಮಗ.

ಇದನ್ನು ಯಾರಿಗೆ ಹೇಳುವುದು? ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೆಂಟರನ್ನು ನೋಡುವ ನೆಪ ಮಾಡಿ ಗಾಡಿ ಕಟ್ಟಿಸಿಕೊಂಡು ಕುರುಗೋಡಿಗೆ ಹೋದೆ. ತಾತನ ತಂಗಿ ಅಲ್ಲಿ ಇನ್ನೂ ಬದುಕಿದ್ದರು. ಹರಿಗೋಲಿನ ಪದದ ಹುಡುಗ ಯಾರು, ನಮ್ಮ ಪೈಕಿಯವನೇ ಎಂದು ಕೇಳಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಅಂಥವ ಯಾರೂ ಇರಲಿಲ್ಲ, ಮಗಳ. ಹರಿಗೋಲಿನ್ಯಾಗ ಯಾರರ ಕುಂದರಬೇಕಲ್ಲ? ಅದಕ್ಕ ಒಬ್ಬನ್ನ ಕುಂದರಿಸಿದ ನಮ್ಮಣ್ಣ."

ಅವನು ಒಳ್ಳೆಯ ಮಗನಾದ. ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ, ಕಟ್ಟಿಗೆ ತರುತ್ತಿದ್ದ, ಸಂತೆಯ ದಿನ ತಾಯಿಯ ಗಡಿಗೆಯನ್ನು ತಾನೇ ಹೊತ್ತು ತರುತ್ತಿದ್ದ. ಬರದ ವರ್ಷಗಳಲ್ಲಿ ಎಲ್ಲಿದ್ದೆ, ಏನು ತಿಂದೆ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ. ಅವನಿಗೆ ಹೇಳಲು ಏನೂ ಇರಲಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಹರಿಗೋಲು ಹತ್ತಿದವನು ಆ ಕಡೆ ಏನು ಮಾಡಿದ ಎಂಬುದು ಪದದಲ್ಲಿ ಇಲ್ಲ. ದೊಡ್ಡವ್ವ ಮೈಕೈ ತುಂಬಿಕೊಂಡಳು. ಪದ ಕೇಳುವುದನ್ನೂ ಬಿಟ್ಟಳು. ಅವನು ನಮ್ಮ ಜಗಲಿಯಲ್ಲಿ ಕೂತಾಗಲೆಲ್ಲ ನಾನು ಅವನ ಕೈಯನ್ನು ನೋಡದೆ ಒಳಗೆ ಹೋಗುತ್ತಿದ್ದೆ.

ಹೀಗೆ ಐದು ವರ್ಷ. ಆಮೇಲೆ ದೊಡ್ಡವ್ವ ಹಾಸಿಗೆ ಹಿಡಿದಳು, ಹೇಳಿಕಳಿಸಿದಳು, ಕೆಂಚನಗುಡ್ಡಕ್ಕೆ ಹೋದೆ. ನೀರು ತರಲು ಎಂದು ಅವನನ್ನು ಹೊಳೆಗೆ ಕಳಿಸಿ ನನ್ನನ್ನು ಹತ್ತಿರ ಕರೆದಳು.

"ಅವ ನನ್ನ ಮಗ ಅಲ್ಲ. ಗೊತ್ತೈತಿ ನನಗ," ಎಂದಳು.

ಅವನು ಬಂದನೇನೋ ಎಂದು ನಾನು ಬಾಗಿಲ ಕಡೆ ತಿರುಗಿ ನೋಡಿದೆ.

"ಅವತ್ತು ಎಲ್ಲಾ ಸಾಲೂ ಗರಿ ನೋಡಿ ಓದಿದಿ. ಕೊನೀ ಸಾಲು ನನ್ನ ಮುಖ ನೋಡಿ ಓದಿದಿ. ನಾನೇನು ಓದು ಬರಲಾರದಾಕಿ ಅಂತ, ಕಣ್ಣೂ ಇಲ್ಲಂತ ತಿಳಿದ್ಯಾ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಮೊಣಕಾಲು ತಟ್ಟಿದಳು. "ಅಳಬ್ಯಾಡ ಹುಚ್ಚಿ. ಬಂದ, ಯವ್ವಾ ಅಂದ, ನನಗಷ್ಟು ಸಾಕಾತು. ಆದ್ರ ಅವ ರಾತ್ರಿ ಹಗಲು ಮಲಗಂಗಿಲ್ಲ. ಕುಂತ ಇರ್ತಾನ. ನಾ ಹೋದ ಮ್ಯಾಲ ಅವನ್ನ ಇಟ್ಕೋಬ್ಯಾಡ. ಗರಿಯಾಗ ಇದ್ದದ್ದನ್ನ ಓದಿ ಅವನ್ನ ಬಿಟ್ಟಬಿಡು. ಆಣಿ ಮಾಡು." ಅವಳ ಕೈ ಮುಟ್ಟಿ ಆಣೆ ಮಾಡಿದೆ.

ಅವಳು ತೀರಿಕೊಂಡು ದಿನಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನು ಬಂದು ಪಡಸಾಲೆಯಲ್ಲಿ, ದೊಡ್ಡವ್ವ ಕೂರುತ್ತಿದ್ದ ಕಂಬದ ಹತ್ತಿರ ಕೂತ. "ಓದ್ರಿ, ಅಕ್ಕಾ," ಎಂದ.

"ನೀನು ಯಾರಪ್ಪಾ?" ಎಂದು ಆ ದಿನ ಕೇಳಿಯೇಬಿಟ್ಟೆ.

"ಗೊತ್ತಿಲ್ರಿ. ನೀವು ಓದಿದ್ರಿ, ನಾ ಬಂದೆ. ಅವ್ವ ಹೋದ್ಲು, ಇನ್ನ ಯಾರಿಗಂತ ಇರ್ಲಿ? ದಣಿದೀನ್ರಿ, ಅಕ್ಕಾ."

ಕಟ್ಟು ಬಿಚ್ಚಿದೆ. ಓದುತ್ತಾ ಹೋದೆ. ಉಂಗುರ ಬಂತು, ಉಗುರು ಬಂತು, ಕಂಬಳಿ ಬಂತು, ಅವನು ಒಂದೊಂದಕ್ಕೂ ತಲೆಯಾಡಿಸಿದ. ಕೊನೆಯ ಸಾಲು ಬಂದಾಗ ಗರಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟೆ. ಎದುರಿಗೆ ಉಸಿರಾಡುತ್ತಾ ಕೂತಿರುವವನ ಮುಂದೆ ಆ ಮಾತು ಆಡುವುದು ಹೇಗೆ? "ಇವತ್ತು ಕಣ್ಣು ಮಂಜಾಗ್ಯಾವ. ಮುಂದಿನ ಸಂತಿಗೆ ಬಾ," ಎಂದು ಕಟ್ಟು ಕಟ್ಟಿಟ್ಟೆ. ಅವನು ಎದ್ದು ಹೋದ.

ಮುಂದಿನ ಸಂತೆಗೆ ತಲೆನೋವು ಎಂದೆ. ಅದರ ಮುಂದಿನದಕ್ಕೆ ನೆಂಟರಿದ್ದಾರೆ ಎಂದೆ. ನೆಪ ಹೇಳುತ್ತಾ ಹೇಳುತ್ತಾ ಏಳು ವರ್ಷವಾಯಿತು. ಅಷ್ಟರಲ್ಲಿ ಅತ್ತೆ ಹೋದರು. ನನ್ನ ಯಜಮಾನರೂ ಹೋದರು. ಚಾಚಿ ಬಳ್ಳಾರಿಯ ಮಗಳ ಮನೆ ಸೇರಿದಳು. ಪಡಸಾಲೆಗೆ ಈಗ ಯಾರೂ ಬರುವುದಿಲ್ಲ. ನನ್ನ ತಲೆ ಅಲ್ಲಲ್ಲಿ ನರೆತಿದೆ. ಅವನ ಒಂದು ಕೂದಲೂ ನರೆತಿಲ್ಲ, ಆ ಉಗುರು ಬೆಳೆದೂ ಇಲ್ಲ, ಕೂಡಿಯೂ ಇಲ್ಲ. ನನಗೆ ಅವನ ಭಯ ಎಂದೋ ಹೋಯಿತು. ಸಂತೆಯ ದಿನ ಬಂದು ಎರಡು ಕೊಡ ನೀರು ಸೇದಿಕೊಡುತ್ತಾನೆ, ಕಂಬದ ಹತ್ತಿರ ಕೂರುತ್ತಾನೆ. "ಇವತ್ತರ ಓದ್ತೀರೇನ್ರಿ?" ಎನ್ನುತ್ತಾನೆ.

ಹೋದ ವಾರ ಬೇರೆ ಒಂದು ಮಾತು ಕೇಳಿದ. "ಎಲ್ಲಾರ ಕಡಿಂದ ಅರ್ಥ ಹೇಳಿಸಿದ್ರಿ. ಈ ಪದ ನಿಮಗೇನ್ರಿ, ಅಕ್ಕಾ?" ಹೆಚ್ಚಿನ ಮಾತು ಬೇಡ, ನಡಿ ಅತ್ತ ಎಂದು ಗದರಿ ಕಳಿಸಿದೆ.

ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಈ ಮನೆಯ ಬಾಗಿಲಲ್ಲಿ ನಿಂತು ಅಕ್ಕಾ ಎಂದು ಕರೆಯುವವನು ಅವನೊಬ್ಬನೇ. ಅವನಿಗೆ ದಣಿವಾಗಿದೆ, ನಾನು ಆಣೆ ಮಾಡಿದ್ದೇನೆ, ಆ ಗರಿಯನ್ನು ಓದಬಲ್ಲವರು ನನ್ನ ಬಿಟ್ಟರೆ ಇನ್ನೊಬ್ಬರಿಲ್ಲ. ಎಲ್ಲಾ ಗೊತ್ತಿದೆ. ನಾಳೆ ಸಂತೆ, ಬರುತ್ತಾನೆ. ನಾನು ಓದುವುದಿಲ್ಲ.